ಹೇಳಿದ್ದು ತಲುಪಿತೇ? ಆರೋಗ್ಯ ಸಂವಹನ ಎಂಬ ಸಂಶೋಧನಾ ಕ್ಷೇತ್ರದ ಪರಿಚಯ



ವಾರ್ಷಿಕ ವರದಿಯಲ್ಲಿ ಲೆಕ್ಕಪತ್ರ ಮತ್ತು ವಿದ್ಯಾರ್ಥಿವೇತನದ ಪ್ರಕಟಣೆಯ ಜೊತೆಗೆ ಒಂದು ಅಧ್ಯಯನ ಲೇಖನವನ್ನೂ ಕೊಡುವುದು ನಮ್ಮ ರೂಢಿ. ನಮ್ಮ ಮಕ್ಕಳು ಹೆಚ್ಚಾಗಿ ಆರಿಸಿಕೊಳ್ಳದ ಒಂದು ವಿಷಯವನ್ನು ಪರಿಚಯಿಸುವುದು ಅದರ ಉದ್ದೇಶ. ಈ ವರ್ಷದ ವಿಷಯವನ್ನು ನಾವು ಹುಡುಕಿಕೊಂಡು ಹೋಗಲಿಲ್ಲ. ಒಂದು ಅರ್ಜಿಯ ರೂಪದಲ್ಲಿ ಅದೇ ನಮ್ಮ ಬಳಿಗೆ ಬಂತು.

ಪಿಎಚ್.ಡಿ. ಮಾಡುತ್ತಿರುವ ವಿದ್ಯಾರ್ಥಿನಿಯೊಬ್ಬರು ಸಹಾಯ ಕೋರಿ ಅರ್ಜಿ ಹಾಕಿದ್ದರು. ಸಂಶೋಧನೆಯ ಆಸಕ್ತಿ ಎಂಬ ಕಾಲಮಿನಲ್ಲಿ "ಆರೋಗ್ಯ ಸಂವಹನ ಮತ್ತು ವರ್ತನೆಯ ಬದಲಾವಣೆ" ಎಂದು ಬರೆದಿದ್ದರು. ಆಯ್ಕೆ ಸಮಿತಿಯಲ್ಲಿದ್ದ ನಮ್ಮಲ್ಲಿ ಯಾರಿಗೂ ಅದು ಏನೆಂದು ಸರಿಯಾಗಿ ಗೊತ್ತಿರಲಿಲ್ಲ. ಹಿರಿಯ ಸದಸ್ಯರೊಬ್ಬರು ನೇರವಾಗಿಯೇ ಕೇಳಿದರು: "ಎಂಬಿಬಿಎಸ್ ಓದುವ ಮಗುವಿಗೆ ಕೊಟ್ಟರೆ ನಾಳೆ ಒಬ್ಬ ಡಾಕ್ಟರ್ ಬರುತ್ತಾರೆ. ಇದಕ್ಕೆ ಕೊಟ್ಟರೆ ಜನರಿಗೆ ಏನು ಸಿಗುತ್ತದೆ?" ಪ್ರಶ್ನೆ ನ್ಯಾಯವಾದದ್ದೇ. ಟ್ರಸ್ಟಿನ ಹಣ ದಾನಿಗಳ ಅಮಾನತ್ತು, ತಿಳಿಯದೆ ಕೊಡುವಂತಿಲ್ಲ. ಆದ್ದರಿಂದ ಆ ವಿದ್ಯಾರ್ಥಿನಿಯನ್ನು ಕರೆಸಿ, ಎರಡು ಸಂಜೆ ಕುಳಿತು ಕೇಳಿ ತಿಳಿದುಕೊಂಡೆವು. ನಮಗೆ ಅರ್ಥವಾದದ್ದನ್ನು ಇಲ್ಲಿ ಪಾಠದ ಕ್ರಮದಲ್ಲಿ ಬರೆದಿದ್ದೇವೆ.

ನಮ್ಮದೇ ಕರಪತ್ರದ ಕಥೆ

ಮೊದಲು ನಮ್ಮದೊಂದು ತಪ್ಪನ್ನು ಹೇಳಿಕೊಳ್ಳಬೇಕು. ರಮಝಾನಿಗೆ ಮುಂಚೆ ನಾವು ರಕ್ತದ ಸಕ್ಕರೆ ತಪಾಸಣಾ ಶಿಬಿರ ನಡೆಸುತ್ತೇವೆ, ಕರಪತ್ರವನ್ನೂ ಹಂಚುತ್ತೇವೆ. ಸಕ್ಕರೆ ಕಾಯಿಲೆಯಿಂದ ಕಣ್ಣು, ಮೂತ್ರಪಿಂಡ, ಕಾಲು ಹಾಳಾಗುತ್ತವೆ ಎಂದು ಅದರಲ್ಲಿ ದೊಡ್ಡ ಅಕ್ಷರದಲ್ಲಿತ್ತು. ಕೊನೆಯ ಸಾಲಿನಲ್ಲಿ, ಉಪವಾಸ ಹಿಡಿಯುವವರು ವೈದ್ಯರ ಸಲಹೆ ಪಡೆಯಿರಿ ಎಂದಿತ್ತು. ಅಲ್ಲಿಗೆ ನಮ್ಮ ಕರ್ತವ್ಯ ಮುಗಿಯಿತು ಎಂದುಕೊಂಡಿದ್ದೆವು.

ಆ ವರ್ಷದ ರಮಝಾನಿನಲ್ಲಿ ಜಮಾಅತಿನ ಹಿರಿಯರೊಬ್ಬರು ಅಸರ್ ಹೊತ್ತಿಗೆ ತಮ್ಮ ಅಂಗಡಿಯಲ್ಲೇ ಕುಸಿದರು. ಕೈ ನಡುಗುತ್ತಿತ್ತು, ಅಂಗಿ ಬೆವರಿನಿಂದ ಒದ್ದೆಯಾಗಿತ್ತು, ಮಾತು ತೊದಲುತ್ತಿತ್ತು. ಪಕ್ಕದ ಅಂಗಡಿಯ ಹುಡುಗ ಸಕ್ಕರೆ ನೀರು ಕುಡಿಸಿ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದ. ಅಲ್ಲಾಹನ ಕೃಪೆಯಿಂದ ಚೇತರಿಸಿಕೊಂಡರು. ಬೆಳಗಿನ ತಿಂಡಿಗೆ ಮುಂಚೆ ನುಂಗುತ್ತಿದ್ದ ಮಾತ್ರೆಯನ್ನು ಅವರು ಅದೇ ಪ್ರಮಾಣದಲ್ಲಿ ಸಹರಿಯ ಹೊತ್ತಿಗೆ ನುಂಗುತ್ತಿದ್ದರು. ಸಕ್ಕರೆ ಇಳಿಸುವ ಕೆಲವು ಮಾತ್ರೆಗಳು ಹೊಟ್ಟೆಗೆ ಏನೂ ಬೀಳದಿದ್ದರೂ ತಮ್ಮ ಕೆಲಸ ಮಾಡುತ್ತಲೇ ಇರುತ್ತವೆ.

ನೋಡಲು ಹೋದಾಗ ಅವರು ಹೇಳಿದ ಮಾತು: "ಡಾಕ್ಟರಿಗೆ ಹೇಳಿದರೆ ಉಪವಾಸ ಬೇಡ ಅನ್ನುತ್ತಾರೆ ಅಂತ ಹೇಳಲಿಲ್ಲ. ಮಧ್ಯಾಹ್ನದಿಂದಲೇ ಕೈ ನಡುಗುತ್ತಿತ್ತು. ಇಷ್ಟು ಹೊತ್ತು ತಡೆದಾಯಿತು, ಇನ್ನು ಮಗ್‌ರಿಬ್‌ಗೆ ಎಷ್ಟು ಹೊತ್ತು ಅಂತ ಕೂತೆ." ಅವರ ಗಲ್ಲಾಪೆಟ್ಟಿಗೆಯಲ್ಲಿ ನಮ್ಮ ಕರಪತ್ರ ಮಡಚಿ ಇಟ್ಟಿತ್ತು. ಓದಿಯೂ ಇದ್ದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ.

ವಿಷಯ ಗೊತ್ತಿದ್ದೂ ಜನ ಅದರಂತೆ ಏಕೆ ನಡೆಯುವುದಿಲ್ಲ? ಇದು ಅವರ ಅಸಡ್ಡೆಯೋ, ಹೇಳಿದವರ ಕೊರತೆಯೋ? ಆರೋಗ್ಯ ಸಂವಹನ ಎಂಬ ಕ್ಷೇತ್ರ ಹುಟ್ಟಿದ್ದೇ ಇಂಥ ಪ್ರಶ್ನೆಯಿಂದ.

ಒಂದೇ ರೋಗ, ಎರಡು ಪ್ರಶ್ನೆ

1950ರ ದಶಕದಲ್ಲಿ ಅಮೆರಿಕದಲ್ಲಿ ಕ್ಷಯರೋಗ ಪತ್ತೆಗಾಗಿ ಎಕ್ಸ್‌ರೇ ವಾಹನಗಳು ಬೀದಿಗೇ ಬರುತ್ತಿದ್ದವು. ತಪಾಸಣೆಗೆ ಖರ್ಚಿಲ್ಲ, ದೂರ ಹೋಗಬೇಕಾಗಿಲ್ಲ. ಆದರೂ ಅನೇಕರು ಬರಲಿಲ್ಲ. ಅಲ್ಲಿನ ಸಾರ್ವಜನಿಕ ಆರೋಗ್ಯ ಸೇವೆಯಲ್ಲಿದ್ದ ಗಾಡ್‌ಫ್ರೇ ಹಾಕ್‌ಬಾಮ್ ಮೊದಲಾದ ಮನಶ್ಶಾಸ್ತ್ರಜ್ಞರು ಕಾರಣ ಹುಡುಕಿದರು. ತನಗೂ ಈ ರೋಗ ಬರಬಹುದು, ಬೇಗ ಪತ್ತೆಯಾದರೆ ಪ್ರಯೋಜನವಿದೆ ಎಂಬ ಎರಡು ನಂಬಿಕೆಯೂ ಇದ್ದವರಲ್ಲಿ ಶೇ. 82ರಷ್ಟು ಮಂದಿ ಎಕ್ಸ್‌ರೇ ತೆಗೆಸಿಕೊಂಡಿದ್ದರು. ಎರಡೂ ಇಲ್ಲದವರಲ್ಲಿ ತೆಗೆಸಿಕೊಂಡವರು ಶೇ. 21 ಮಾತ್ರ. ಈ ಕೆಲಸದಿಂದ ಬೆಳೆದದ್ದೇ "ಆರೋಗ್ಯ ನಂಬಿಕೆ ಮಾದರಿ" ಎಂಬ ಸಿದ್ಧಾಂತ. ಒಬ್ಬ ವ್ಯಕ್ತಿ ಆರೋಗ್ಯಕ್ಕಾಗಿ ಒಂದು ಹೆಜ್ಜೆ ಇಡಬೇಕಾದರೆ ಅಪಾಯ ತನಗೂ ಇದೆ, ಅದು ಗಂಭೀರವಾದದ್ದು, ಹೆಜ್ಜೆ ಇಟ್ಟರೆ ಲಾಭವಿದೆ, ಅಡ್ಡಿಗಳು ಆ ಲಾಭಕ್ಕಿಂತ ದೊಡ್ಡವಲ್ಲ ಎಂದು ಅವನಿಗೆ ಅನಿಸಬೇಕು ಎಂಬುದು ಅದರ ಸಾರ.

ಅದೇ ಕ್ಷಯರೋಗದ ಬಗ್ಗೆ ಇನ್ನೊಂದು ಅಧ್ಯಯನ ನಮ್ಮ ಕರ್ನಾಟಕದಲ್ಲೇ ನಡೆಯಿತು. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಗಿತ್ತು. ಹಳ್ಳಿಯ ಜನರಿಗೆ ರೋಗದ ಅರಿವಿಲ್ಲ, ಆದ್ದರಿಂದ ಮನೆಮನೆಗೆ ಹೋಗಿ ಹುಡುಕಬೇಕು ಎಂಬ ಭಾವನೆ ಆಗ ಬಲವಾಗಿತ್ತು. ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ಎಕ್ಸ್‌ರೇ ಸಮೀಕ್ಷೆಯಲ್ಲಿ ಪತ್ತೆಯಾದವರ ಬಳಿಗೆ ಹೋಗಿ ಮಾತನಾಡಿಸಿದರು. ಕಂಡದ್ದು ಬೇರೆಯೇ. ಕಫದಲ್ಲಿ ರೋಗಾಣು ಕಂಡುಬಂದವರಲ್ಲಿ ಬಹುಪಾಲು ಜನರಿಗೆ ತಮಗೆ ಏನೋ ಆಗಿದೆ ಎಂಬುದು ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆಯ ಬಾಗಿಲು ತಟ್ಟಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಹೆಚ್ಚಾಗಿ ಕೆಮ್ಮಿನ ಔಷಧಿಯ ಬಾಟಲಿ. ಈ ಅಧ್ಯಯನ 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಬಹಳ ದಿನದ ಕೆಮ್ಮೆಂದು ತಾವಾಗಿಯೇ ಬಂದವರ ಕಫವನ್ನು ಹತ್ತಿರದ ಸಾಮಾನ್ಯ ಆಸ್ಪತ್ರೆಯಲ್ಲೇ ಪರೀಕ್ಷಿಸುವ ಕ್ರಮ ದೇಶದ ಕ್ಷಯರೋಗ ಕಾರ್ಯಕ್ರಮದ ಅಡಿಪಾಯವಾಗಲು ಇಂಥ ತಿಳಿವಳಿಕೆಯೇ ಕಾರಣ.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಅಮೆರಿಕದವರು ಕೇಳಿದ್ದು "ಜನ ಏಕೆ ಬರಲಿಲ್ಲ?" ಎಂದು. ತುಮಕೂರಿನಲ್ಲಿ ತಿಳಿದುಬಂದದ್ದು, ಬಂದವರಿಗೆ ಏನಾಯಿತು ಎಂಬುದು. ಮೊದಲನೆಯದು ಜನರ ಮನಸ್ಸನ್ನು ನೋಡಿತು, ಎರಡನೆಯದು ಜನ ಬಂದು ನಿಂತ ಬಾಗಿಲನ್ನು ನೋಡಿತು. ಆರೋಗ್ಯ ಸಂವಹನದ ವಿದ್ಯಾರ್ಥಿಗೆ ಎರಡೂ ಬೇಕು. ತುಮಕೂರಿನ ರೋಗಿಗಳಿಗೆ ಇನ್ನೊಂದು ಕರಪತ್ರ ಹಂಚಿದ್ದರೆ ಏನೂ ಆಗುತ್ತಿರಲಿಲ್ಲ.

ಮೂರು ಅಡ್ಡಿಗಳು

ಈ ಕ್ಷೇತ್ರದಲ್ಲಿ ಸಿದ್ಧಾಂತಗಳು ಹಲವು. ಹೊಸಬರಿಗೆ ಉಪಯೋಗವಾಗುವ ಎರಡನ್ನು ಮಾತ್ರ ಹೇಳುತ್ತೇವೆ.

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಒಂದು ವಿಚಾರ ಮುಂದಿಟ್ಟರು. ಒಂದು ಕೆಲಸ ಒಳ್ಳೆಯದು ಎಂದು ಗೊತ್ತಿದ್ದರೆ ಸಾಲದು, ಅದು ನನ್ನಿಂದ ಆಗುತ್ತದೆ ಎಂಬ ಭರವಸೆಯೂ ಬೇಕು. ಆ ಭರವಸೆ ಭಾಷಣದಿಂದ ಬರುವುದಕ್ಕಿಂತ ತಾನೇ ಮಾಡಿ ನೋಡಿದಾಗ, ತನ್ನಂಥವರೇ ಮಾಡುವುದನ್ನು ಕಂಡಾಗ ಹೆಚ್ಚು ಬರುತ್ತದೆ. ಸೂಜಿ ಚುಚ್ಚಿಕೊಳ್ಳಲು ಹೆದರುವ ತಾಯಿಗೆ ನೆರೆಮನೆಯಾಕೆ ಗ್ಲುಕೋಮೀಟರಿನಲ್ಲಿ ತನ್ನ ಬೆರಳು ಚುಚ್ಚಿ ತೋರಿಸುವುದು ಹತ್ತು ಪೋಸ್ಟರುಗಳಿಗಿಂತ ಮೇಲು ಎನ್ನುವುದು ಇದೇ ಅರ್ಥದಲ್ಲಿ.

ಎರಡನೆಯದು, ಲಂಡನ್ನಿನ ಸೂಸನ್ ಮಿಕಿ ಮತ್ತು ಸಂಗಡಿಗರು 2011ರಲ್ಲಿ ಕೊಟ್ಟ ಚೌಕಟ್ಟು. ಯಾವುದೇ ವರ್ತನೆ ಬದಲಾಗಬೇಕಾದರೆ ಸಾಮರ್ಥ್ಯ, ಅವಕಾಶ, ಪ್ರೇರಣೆ ಮೂರೂ ಇರಬೇಕು. ಒಂದು ಇಲ್ಲದಿದ್ದರೂ ಕೆಲಸ ನಿಲ್ಲುತ್ತದೆ.

ಅಂಗಡಿಯ ಹಿರಿಯರನ್ನು ಈ ಚೌಕಟ್ಟಿನಲ್ಲಿಟ್ಟು ನೋಡಿದೆವು. ಸಾಮರ್ಥ್ಯ: ಕೈ ನಡುಗುವುದು, ಬೆವರುವುದು ಸಕ್ಕರೆ ಇಳಿದ ಲಕ್ಷಣವೆಂದು ಅವರಿಗೆ ತಿಳಿದಿರಲಿಲ್ಲ. ನಮ್ಮ ಕರಪತ್ರ ಸಕ್ಕರೆ ಏರುವುದನ್ನಷ್ಟೇ ಹೇಳಿತ್ತು, ಇಳಿಯುವುದನ್ನು ಹೇಳಿರಲೇ ಇಲ್ಲ. ಅವಕಾಶ: ಮನೆಯಲ್ಲಿ ಗ್ಲುಕೋಮೀಟರ್ ಇರಲಿಲ್ಲ, ಕ್ಲಿನಿಕ್ಕಿನ ಸಾಲಿನಲ್ಲಿ ಅವರ ಪಾಲಿಗೆ ಬರುತ್ತಿದ್ದದ್ದು ಕೆಲವೇ ನಿಮಿಷ. ಪ್ರೇರಣೆ: ಇದಕ್ಕೆ ಕೊರತೆಯೇ ಇರಲಿಲ್ಲ. ಉಪವಾಸ ಪೂರೈಸಬೇಕೆಂಬ ಹಂಬಲ ಎಷ್ಟಿತ್ತೆಂದರೆ, ನಾವು ಅಚ್ಚು ಹಾಕಿಸಿದ ಹೆದರಿಕೆಯ ಮಾತುಗಳೆಲ್ಲ ಅದರ ಮುಂದೆ ನಿಲ್ಲಲಿಲ್ಲ. ಇಲ್ಲದ ಎರಡನ್ನು ಕೊಡದೆ, ಇದ್ದ ಒಂದರ ಜೊತೆ ನಾವು ಜಗಳವಾಡಿದ್ದೆವು.

ರಮಝಾನ್ ಮತ್ತು ಸಕ್ಕರೆ ಕಾಯಿಲೆ

ಅವರೊಬ್ಬರ ಕಥೆ ಇದಲ್ಲ. ಭಾರತವೂ ಸೇರಿದಂತೆ 13 ದೇಶಗಳಲ್ಲಿ 12,000ಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡ "ಎಪಿಡಯಾರ್" ಎಂಬ ದೊಡ್ಡ ಅಧ್ಯಯನ 2001ರಲ್ಲಿ ನಡೆದು, 2004ರಲ್ಲಿ ಪ್ರಕಟವಾಯಿತು. ವಯಸ್ಕರಲ್ಲಿ ಹೆಚ್ಚಾಗಿ ಕಾಣುವ ಎರಡನೆಯ ವಿಧದ ಸಕ್ಕರೆ ಕಾಯಿಲೆ ಇರುವವರಲ್ಲಿ ಸುಮಾರು ಶೇ. 79 ಮಂದಿ ರಮಝಾನಿನಲ್ಲಿ ಕನಿಷ್ಠ 15 ದಿನ ಉಪವಾಸ ಹಿಡಿದಿದ್ದರು. ಇನ್ಸುಲಿನ್ನನ್ನೇ ಅವಲಂಬಿಸಿದ ಮೊದಲನೆಯ ವಿಧದವರಲ್ಲೂ ಸುಮಾರು ಶೇ. 43 ಮಂದಿ ಹಿಡಿದಿದ್ದರು. ಸಕ್ಕರೆ ತೀವ್ರವಾಗಿ ಇಳಿದು ಆಸ್ಪತ್ರೆಗೆ ಸೇರಬೇಕಾಗುವ ಪ್ರಸಂಗಗಳು ಎರಡನೆಯ ವಿಧದವರಲ್ಲಿ ಉಳಿದ ತಿಂಗಳುಗಳಿಗಿಂತ ಏಳು ಪಟ್ಟಿಗೂ ಮೀರಿ ಹೆಚ್ಚಿದ್ದವು.

ಉಪವಾಸ ಬೇಡ ಎಂದು ಹೇಳಿ ಕಳಿಸಿಬಿಡುವುದು ಏಕೆ ಸಾಲದು ಎಂಬುದು ಈ ಅಂಕಿಗಳಲ್ಲೇ ಇದೆ. ಜನ ಹಿಡಿಯುತ್ತಾರೆ. ವೈದ್ಯರಿಗೆ ಹೇಳಿ ಹಿಡಿಯುತ್ತಾರೋ, ಮುಚ್ಚಿಟ್ಟು ಹಿಡಿಯುತ್ತಾರೋ ಎಂಬುದಷ್ಟೇ ಉಳಿಯುವ ಪ್ರಶ್ನೆ. ಮುಚ್ಚಿಟ್ಟವರ ಮಾತ್ರೆಯ ಹೊತ್ತನ್ನು ಯಾವ ವೈದ್ಯರೂ ಸರಿಪಡಿಸಲಾರರು.

ಹಾಗಾದರೆ ಮಾತಿನ ರೀತಿ ಬದಲಾದರೆ ಫಲವಿದೆಯೇ? ಲಂಡನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ವಿದ್ಯಾರ್ಥಿನಿ ನಮಗೆ ವಿವರಿಸಿದರು. ಉಪವಾಸ ಹಿಡಿಯುವ ಸಕ್ಕರೆ ಕಾಯಿಲೆಯವರಿಗೆ ರಮಝಾನಿಗೆ ಮುಂಚೆಯೇ ಆಹಾರ, ವ್ಯಾಯಾಮ, ಔಷಧಿ ಮತ್ತು ಬೆರಳು ಚುಚ್ಚಿ ಪರೀಕ್ಷಿಸುವುದರ ಬಗ್ಗೆ ತರಗತಿ ನಡೆಸಲಾಯಿತು. ಒಟ್ಟು 111 ಮಂದಿಯ ದಾಖಲೆ ನೋಡಿದಾಗ, ತರಗತಿಗೆ ಬಂದವರಲ್ಲಿ ಸಕ್ಕರೆ ಇಳಿದ ಪ್ರಸಂಗಗಳು 9ರಿಂದ 5ಕ್ಕೆ ತಗ್ಗಿದ್ದವು. ಬಾರದವರಲ್ಲಿ 9ರಿಂದ 36ಕ್ಕೆ ಏರಿದ್ದವು.

ಇಲ್ಲಿ ಒಂದು ಪಾಠವಿದೆ. ಅಂಕಿ ನೋಡಿ ನಾವು ಸಂತೋಷಪಟ್ಟಾಗ ವಿದ್ಯಾರ್ಥಿನಿ ನಮ್ಮನ್ನು ತಡೆದರು. "ತರಗತಿಗೆ ತಾವಾಗಿ ಬಂದವರು ಮೊದಲೇ ಹೆಚ್ಚು ಜಾಗ್ರತೆಯವರು ಇರಬಹುದಲ್ಲವೇ? ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿರಲಿಲ್ಲ. ಆದ್ದರಿಂದ ಅಷ್ಟೂ ಫಲ ತರಗತಿಯದೇ ಎನ್ನಲಾಗದು" ಎಂದರು. ತಮಗೆ ಅನುಕೂಲವಾದ ಅಂಕಿಯನ್ನೂ ಹೀಗೆ ತೂಗಿ ನೋಡುವುದೇ ಸಂಶೋಧನೆ ಎಂಬುದು ನಮಗೆ ಆಗ ಹೊಳೆಯಿತು. ಅರ್ಜಿಯ ಬಗ್ಗೆ ನಮ್ಮ ಮನಸ್ಸು ಬದಲಾದದ್ದೂ ಆ ಮಾತಿನಿಂದಲೇ.

ಯಾರು ಹೇಳಬೇಕು?

ಸಂವಹನದಲ್ಲಿ ಏನು ಹೇಳಬೇಕು ಎಂಬುದರಷ್ಟೇ ಮುಖ್ಯ, ಯಾರು ಹೇಳಬೇಕು ಎಂಬುದು. ರೋಗಿಗೂ ಪ್ರಯಾಣಿಕರಿಗೂ ಬೇರೆ ದಿನಗಳಲ್ಲಿ ಉಪವಾಸ ಪೂರೈಸುವ ರಿಯಾಯಿತಿ ಇದೆಯೆಂದು ಪವಿತ್ರ ಕುರ್‌ಆನಿನ ಅಲ್ ಬಕರ ಅಧ್ಯಾಯದಲ್ಲಿ ತಿಳಿಸಲಾಗಿದೆ. ಇದು ನಮಗೆಲ್ಲ ಗೊತ್ತು. ಆದರೆ ಇದೇ ಮಾತು ಕ್ಲಿನಿಕ್ಕಿನಲ್ಲಿ ಕೇಳಿದರೆ ಅಡ್ಡಿಯಂತೆ ಕೇಳಿಸುತ್ತದೆ, ಮಿಂಬರಿನಿಂದ ಖತೀಬರು ಹೇಳಿದರೆ ಕರುಣೆಯಂತೆ ಕೇಳಿಸುತ್ತದೆ. ಹಾಗೆಂದು ಮಾತ್ರೆಯ ಪ್ರಮಾಣವನ್ನು ಖತೀಬರು ಹೇಳುವಂತಿಲ್ಲ. ಇಬ್ಬರೂ ತಮ್ಮ ತಮ್ಮ ಮಾತನ್ನು ಒಂದೇ ದಿಕ್ಕಿನಲ್ಲಿ ಹೇಳಬೇಕು.

ಇದು ಕೇವಲ ಆಶಯವಲ್ಲ. ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟ ಮತ್ತು ಅದರ ಸಹಸಂಸ್ಥೆ 2016ರಲ್ಲಿ ರಮಝಾನಿಗಾಗಿಯೇ ಮಾರ್ಗಸೂಚಿ ಹೊರತಂದು, 2021ರಲ್ಲಿ ಪರಿಷ್ಕರಿಸಿದವು. ವೈದ್ಯರ ಜೊತೆ ಧಾರ್ಮಿಕ ವಿದ್ವಾಂಸರ ಅಭಿಪ್ರಾಯವನ್ನೂ ಅದರಲ್ಲಿ ಸೇರಿಸಲಾಗಿದೆ. ಓದುಗರ ಉಪಯೋಗಕ್ಕೆ ಅದರ ಕೆಲವು ಮುಖ್ಯ ಅಂಶಗಳು:

1. ರಮಝಾನಿಗೆ 6ರಿಂದ 8 ವಾರ ಮುಂಚೆಯೇ ವೈದ್ಯರನ್ನು ಕಂಡು, ಉಪವಾಸದ ಇಚ್ಛೆಯನ್ನು ತಿಳಿಸಬೇಕು. ಔಷಧಿಯ ಪ್ರಮಾಣ ಮತ್ತು ಹೊತ್ತನ್ನು ಬದಲಿಸಬೇಕಾದವರು ವೈದ್ಯರು, ನಾವಲ್ಲ.

2. ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡುವುದರಿಂದ ಉಪವಾಸ ಮುರಿಯುವುದಿಲ್ಲ.

3. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಥವಾ 300ಕ್ಕಿಂತ ಮೇಲೇರಿದರೆ, ಇಲ್ಲವೇ ದೇಹಸ್ಥಿತಿ ತೀರಾ ಕೆಟ್ಟರೆ, ಮಗ್‌ರಿಬ್‌ಗೆ ಕಾಯದೆ ಉಪವಾಸ ಬಿಡಬೇಕು.

4. ಸಕ್ಕರೆ ಆಗಾಗ ತೀವ್ರವಾಗಿ ಇಳಿಯುವವರು, ಮೂತ್ರಪಿಂಡದ ತೊಂದರೆ ಹೆಚ್ಚಿರುವವರು, ಇನ್ಸುಲಿನ್ ತೆಗೆದುಕೊಳ್ಳುವ ಗರ್ಭಿಣಿಯರು ಮೊದಲಾದ ಹೆಚ್ಚಿನ ಅಪಾಯದ ಗುಂಪಿನವರಿಗೆ ಉಪವಾಸ ಹಿಡಿಯದಿರುವುದೇ ಸಲಹೆ.

ಖತೀಬರ ಮಾತಿಗೆ ಇರುವ ಬಲಕ್ಕೆ ದೂರದ ಒಂದು ಉದಾಹರಣೆ ಇದೆ. 2014ರಲ್ಲಿ ಪಶ್ಚಿಮ ಆಫ್ರಿಕದ ಗಿನಿ, ಲೈಬೀರಿಯ, ಸಿಯೆರಾ ಲಿಯೋನ್ ದೇಶಗಳಲ್ಲಿ ಎಬೋಲಾ ಹರಡಿತ್ತು. ತೀರಿಕೊಂಡವರ ದೇಹ ತೊಳೆಯುವಾಗ ಸೋಂಕು ತಗಲುತ್ತಿತ್ತು. ಹೊಸ ಸೋಂಕುಗಳಲ್ಲಿ ಕನಿಷ್ಠ ಶೇ. 20 ಅಂತ್ಯಸಂಸ್ಕಾರದ ವೇಳೆ ಆಗುತ್ತಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಮೊದಮೊದಲು ರಕ್ಷಣಾ ಉಡುಪಿನವರು ಬಂದು ದೇಹವನ್ನು ಚೀಲದಲ್ಲಿ ಹಾಕಿ ಒಯ್ಯುತ್ತಿದ್ದರು. ಜನ ಮೃತರನ್ನು ಮುಚ್ಚಿಡತೊಡಗಿದರು. ಆ ವರ್ಷದ ನವೆಂಬರಿನಲ್ಲಿ ಮುಸ್ಲಿಂ ಮತ್ತು ಕ್ರೈಸ್ತ ಸಂಘಟನೆಗಳ ಜೊತೆ ಕುಳಿತು ಹೊಸ ವಿಧಾನ ರೂಪಿಸಲಾಯಿತು. ನೀರಿನ ಗುಸ್ಲ್ ಬದಲು ತಯಮ್ಮುಮ್, ಕಫನ್, ಕುಟುಂಬದವರ ಉಪಸ್ಥಿತಿ, ದುಆಕ್ಕೆ ಅವಕಾಶ ಎಲ್ಲವೂ ಅದರಲ್ಲಿದ್ದವು. ಮುಚ್ಚಿಟ್ಟ ಜನರ ಹಿಂದೆ ಇದ್ದದ್ದು ಅಜ್ಞಾನವಲ್ಲ, ಮೃತರಿಗೆ ಸಲ್ಲಬೇಕಾದ ಹಕ್ಕು ತಪ್ಪುತ್ತದೆ ಎಂಬ ನೋವು. ಅದನ್ನು ಕೇಳಿಸಿಕೊಂಡ ಮೇಲಷ್ಟೇ ದಾರಿ ತೆರೆಯಿತು.

ಸಂಶೋಧಕರು ಮಾಡುವುದೇನು?

ವಿದ್ಯಾರ್ಥಿನಿಯ ಆಸಕ್ತಿ ಇರುವುದು ಇಲ್ಲಿಯೇ. ಸಕ್ಕರೆ ಕಾಯಿಲೆ ಇರುವವರು ಉಪವಾಸದ ವಿಷಯವನ್ನು ವೈದ್ಯರಲ್ಲಿ ಏಕೆ ಹೇಳುವುದಿಲ್ಲ, ಮನೆಯಲ್ಲಿ ಮಾತ್ರೆಯ ಹೊತ್ತನ್ನು ಯಾರು ನಿರ್ಧರಿಸುತ್ತಾರೆ, ಯಾರ ಮಾತಿಗೆ ಬೆಲೆ ಇದೆ ಎಂಬುದನ್ನು ಅವರು ತಿಳಿಯಬೇಕೆಂದಿದ್ದಾರೆ. ಮೊದಲು ಸಣ್ಣ ಸಂಖ್ಯೆಯ ಜನರ ಜೊತೆ ದೀರ್ಘ ಮಾತುಕತೆ, ಅದರಿಂದ ಪ್ರಶ್ನಾವಳಿ, ಆಮೇಲೆ ಹೆಚ್ಚು ಜನರ ಸಮೀಕ್ಷೆ. ಕೊನೆಗೆ ಒಂದು ಹೊಸ ರೀತಿಯ ಸಲಹೆಯನ್ನು ಕೆಲವರಿಗೆ ಕೊಟ್ಟು ಹೋಲಿಸಿ ನೋಡುವುದು. ಇದಕ್ಕೆಲ್ಲ ನೈತಿಕ ಸಮಿತಿಯ ಅನುಮತಿ ಬೇಕು, ಪ್ರತಿಯೊಬ್ಬರ ಒಪ್ಪಿಗೆ ಬೇಕು, ಹೆಸರು ಗುಟ್ಟಾಗಿರಬೇಕು.

ಪ್ರಶ್ನೆ ಕೇಳುವುದೂ ಒಂದು ವಿದ್ಯೆ ಎಂದು ಅವರಿಂದ ಕಲಿತೆವು. "ಕಾಯಿಲೆ ಇದ್ದೂ ಉಪವಾಸ ಹಿಡಿಯುತ್ತೀರಾ?" ಎಂದರೆ ಕೇಳಿಸಿಕೊಂಡವರಿಗೆ ಅದು ಗದರಿದಂತೆ. "ಹೋದ ರಮಝಾನಿನಲ್ಲಿ ನಿಮ್ಮ ಹಗಲು ಹೇಗೆ ಕಳೆಯುತ್ತಿತ್ತು?" ಎಂದರೆ ಸಹರಿಯಿಂದ ಇಫ್ತಾರಿನವರೆಗಿನ ಕಥೆ ತಾನಾಗಿ ಹೊರಬರುತ್ತದೆ, ಮಾತ್ರೆಯ ವಿಷಯವೂ ಅದರೊಳಗೇ ಬರುತ್ತದೆ. ಮನೆಯ ಹೆಂಗಸರೊಂದಿಗೆ, ಅವರ ಮನೆಮಾತಿನಲ್ಲಿ, ಅಡುಗೆಮನೆಯ ಪಕ್ಕ ಕುಳಿತು ಇದನ್ನು ಕೇಳಬಲ್ಲವರು ಎಷ್ಟು ಮಂದಿ ಸಂಶೋಧಕರಿದ್ದಾರೆ? ನಮ್ಮ ಹೆಣ್ಣುಮಕ್ಕಳಿಗೆ ಈ ಕ್ಷೇತ್ರದಲ್ಲಿ ಇರುವ ವಿಶೇಷ ಅನುಕೂಲ ಅದೇ.

ವಿದ್ಯಾರ್ಥಿಗಳಿಗೆ

ಈ ಕ್ಷೇತ್ರಕ್ಕೆ ವೈದ್ಯಕೀಯ ಪದವಿಯೇ ಬೇಕೆಂದಿಲ್ಲ. ನರ್ಸಿಂಗ್, ಸಮಾಜಕಾರ್ಯ, ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಪತ್ರಿಕೋದ್ಯಮ ಓದಿದವರೂ ಬರಬಹುದು. ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ ಒಳ್ಳೆಯ ಮೆಟ್ಟಿಲು. ಮಣಿಪಾಲದ ಪ್ರಸನ್ನ ಸ್ಕೂಲ್ ಆಫ್ ಪಬ್ಲಿಕ್ ಹೆಲ್ತ್, ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರ, ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಸಮುದಾಯ ಆರೋಗ್ಯ ಕೇಂದ್ರ ಮುಂತಾದವುಗಳ ಪ್ರವೇಶ ಪ್ರಕಟಣೆಗಳನ್ನು ಗಮನಿಸಿ. ದೆಹಲಿಯ ಆ ಕೇಂದ್ರವನ್ನು ಕಟ್ಟಿದವರು ತುಮಕೂರಿನ ಅಧ್ಯಯನ ಮಾಡಿದ ಬ್ಯಾನರ್ಜಿಯವರೇ.

ಹಣದ ವಿಷಯವನ್ನೂ ಹೇಳಬೇಕು. ಅಲ್ಪಸಂಖ್ಯಾತ ಸಮುದಾಯದ ಸಂಶೋಧನಾ ವಿದ್ಯಾರ್ಥಿಗಳಿಗೆ ಆಸರೆಯಾಗಿದ್ದ ಕೇಂದ್ರ ಸರಕಾರದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು 2022-23ರಿಂದ ನಿಲ್ಲಿಸಲಾಗಿದೆ. ನೆಟ್ ಪರೀಕ್ಷೆಯ ಮೂಲಕ ಸಿಗುವ ಜೆಆರ್‌ಎಫ್ ಈಗ ಮುಖ್ಯ ದಾರಿ. ಸ್ನಾತಕೋತ್ತರ ಓದಿನ ಕಾಲದಲ್ಲೇ ಅದಕ್ಕೆ ತಯಾರಿ ಆರಂಭಿಸಿ. ಅದು ಸಿಗದೆ ಸಂಶೋಧನೆಯನ್ನು ಮಧ್ಯದಲ್ಲಿ ಬಿಡುವ ಸ್ಥಿತಿ ಬಂದವರು ಸಂಕೋಚಪಡದೆ ನಮಗೆ ಅರ್ಜಿ ಹಾಕಿ.

ಅರ್ಜಿಯಲ್ಲಿ ಸಂಶೋಧನೆಯ ಆಸಕ್ತಿ ಬರೆಯುವಾಗ ವಿಷಯದ ದೊಡ್ಡ ಹೆಸರಿನ ಜೊತೆಗೆ, ನೀವು ಉತ್ತರ ಹುಡುಕುತ್ತಿರುವ ಪ್ರಶ್ನೆಯನ್ನು ಒಂದೇ ಸಾಲಿನಲ್ಲಿ, ನಿಮ್ಮ ಮನೆಯ ಹಿರಿಯರಿಗೆ ಅರ್ಥವಾಗುವ ಕನ್ನಡದಲ್ಲಿ ಬರೆಯಿರಿ. ಆ ಪ್ರಶ್ನೆ ಯಾರ ಬದುಕಿನಿಂದ ಬಂತು ಎಂಬುದನ್ನೂ ಬರೆಯಿರಿ. ಅಂಕಪಟ್ಟಿಯ ಜೊತೆ ಸಮಿತಿ ಇದನ್ನೂ ನೋಡುತ್ತದೆ.

ಇದಕ್ಕೆ ಕೊಟ್ಟರೆ ಏನು ಸಿಗುತ್ತದೆ ಎಂದು ಕೇಳಿದ್ದ ಹಿರಿಯ ಸದಸ್ಯರೇ ಆ ಅರ್ಜಿಯನ್ನು ಮಂಜೂರು ಮಾಡಬೇಕೆಂದು ಸೂಚಿಸಿದರು. ನಮ್ಮ ಕರಪತ್ರವನ್ನೂ ಬದಲಿಸುತ್ತಿದ್ದೇವೆ. ಈ ಸಲ ಕರಡನ್ನು ಅಚ್ಚಿಗೆ ಕೊಡುವ ಮೊದಲು ಅಂಗಡಿಯ ಆ ಹಿರಿಯರಿಗೆ ಓದಿ ಹೇಳಿದೆವು. ಎಲ್ಲ ಕೇಳಿ ಅವರು ಒಂದೇ ತಿದ್ದುಪಡಿ ಸೂಚಿಸಿದರು: "ಕೈ ನಡುಗಿದರೆ ಕಾಯಬೇಡಿ ಅನ್ನುವುದನ್ನು ಮೊದಲಿಗೆ ಹಾಕಿ." ಅದೇ ಈಗ ಮೊದಲ ಸಾಲು.